ಗೌರಿಬಿದನೂರು ಸುತ್ತ ಗ್ರಾವೆಲ್ ಸೈಕ್ಲಿಂಗ್: ಪಿನಾಕಿನಿ ದಂಡೆ, ಕೆರೆ ಏರಿ, ಬಂಡಿ ದಾರಿ

ಪಿನಾಕಿನಿ ದಂಡೆ:

ನಂದಿ ಬೆಟ್ಟದ ಬೆಂಗಳೂರು ಕಡೆಯ ಮುಖ ಇಲ್ಲಿನ ಸೈಕಲ್ ಸವಾರರಿಗೆಲ್ಲ ಗೊತ್ತು. ಬೆಟ್ಟದ ಆಚೆ ಬದಿಯ ಬಗ್ಗೆ ಯಾರೂ ಸರಿಯಾಗಿ ಬರೆದ ಹಾಗಿಲ್ಲ. ನಾನು ಗೌರಿಬಿದನೂರಿನವನು. ಡಾಂಬರು ಬಿಟ್ಟು ಮಣ್ಣಿನ ದಾರಿಯಲ್ಲಿ ಸೈಕಲ್ ಓಡಿಸಬೇಕು ಅನ್ನುವವರಿಗೆ ಬೆಂಗಳೂರಿಂದ ಸುಮಾರು 75 ಕಿ.ಮೀ. ದೂರದಲ್ಲೇ ಇಷ್ಟೊಳ್ಳೆ ಜಾಗ ಇರುವಾಗ ಸುಮ್ನೆ ಕೂರಲು ಮನಸ್ಸಾಗಲಿಲ್ಲ.

ಮೊದಲು ಹೊಳೆ. ಉತ್ತರ ಪಿನಾಕಿನಿ ನಂದಿ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುತ್ತದೆ. ನಮ್ಮೂರ ಪಕ್ಕ ಹರಿದು, ವಿದುರಾಶ್ವತ್ಥ ದಾಟಿ, ಹಿಂದೂಪುರದ ಕಡೆ ಆಂಧ್ರಕ್ಕೆ ಹೋಗುತ್ತದೆ. ಒಟ್ಟು 597 ಕಿ.ಮೀ. ಹರಿದು ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ನಮ್ಮಲ್ಲಿ ಮಾತ್ರ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. 2021ರ ನವೆಂಬರ್ ಮಳೆಗೆ ಹೊಳೆ ತುಂಬಿ ಬಂದಾಗ ಜನ ಕೆಲಸ ಬಿಟ್ಟು ಬಂದು ನೋಡಿದರು.

ನಕ್ಷೆಯಲ್ಲಿ ಹೊಳೆ ಕಂಡ ತಕ್ಷಣ ಹೊಳೆಯೊಳಗೇ ಸೈಕಲ್ ಬಿಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಹಿಂದೆ ಮರಳು ತೆಗೆದ ಗುಂಡಿಗಳು ಇನ್ನೂ ಬಾಯಿ ತೆರೆದುಕೊಂಡಿವೆ, ಅವುಗಳ ಮೇಲೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ. ಓಡಿಸುವ ದಾರಿ ಇರುವುದು ಹೊಳೆಯ ಎರಡೂ ಬದಿಗೆ, ಹೊಲಗಳ ನಡುವೆ. ಒಂದು ಕೆರೆ ಏರಿಯಿಂದ ಇನ್ನೊಂದು ಕೆರೆ ಏರಿಗೆ, ಒಂದು ತೋಪಿನಿಂದ ಇನ್ನೊಂದು ತೋಪಿಗೆ. ಈ ಸೀಮೆಯ ಕೆರೆಗಳು ಸರಪಳಿಯಲ್ಲಿವೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗಲಿ ಅಂತ ಹಿಂದಿನವರು ಕಟ್ಟಿದ್ದು. ಹಾಗಾಗಿ ಏರಿಗಳನ್ನು ಕೂಡಿಸಿಕೊಂಡು ಹೋದರೆ ಇಳಿಜಾರು ತಾನಾಗೇ ಸಿಗುತ್ತದೆ. ದಕ್ಷಿಣದ ಬೆಟ್ಟಗಳ ಕಡೆಯಿಂದ ಶುರು ಮಾಡಿ ಉತ್ತರಕ್ಕೆ ಬಂದರೆ ನೀರಿನ ಜೊತೆಗೇ ಇಳಿಯುತ್ತೀರಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೊಂಡೇಬಾವಿಯಿಂದ ವಿದುರಾಶ್ವತ್ಥದವರೆಗಿನ ದಾರಿ. ತೊಂಡೇಬಾವಿ ಸ್ಟೇಷನ್‌ನಲ್ಲಿ ಇಳಿದು ಅಲೀಪುರದ ಕಡೆ ಸೈಕಲ್ ತಿರುಗಿಸಿ. ಸಿಮೆಂಟ್ ಲಾರಿಗಳ ರಸ್ತೆ ಬಿಟ್ಟ ಮೇಲೆ ಕೆಮ್ಮಣ್ಣು ಶುರು. ಮುಸುಕಿನ ಜೋಳ, ಹಿಪ್ಪುನೇರಳೆ, ನಡುನಡುವೆ ಕಡಲೆಕಾಯಿ ಹೊಲ. ಎಡಕ್ಕೋ ಬಲಕ್ಕೋ ಯಾವಾಗಲೂ ಒಂದು ಬಂಡೆಗುಡ್ಡ ಕಾಣುತ್ತಲೇ ಇರುತ್ತದೆ. ಸುತ್ತಿ ಬಳಸಿ ಬಂದರೆ ಗೌರಿಬಿದನೂರಿಗೆ ಸುಮಾರು 30 ಕಿ.ಮೀ. ಆಗುತ್ತದೆ. ಅಲ್ಲಿಂದ ವಿದುರಾಶ್ವತ್ಥ 6 ಕಿ.ಮೀ. ಅಷ್ಟೆ. ಅಲ್ಲಿ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿರಿ. ಹೊಳೆ ದಂಡೆ, ಸಾಲು ಸಾಲು ನಾಗರಕಲ್ಲು. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಹಳೆ ಅಶ್ವತ್ಥ ಮರ 2001ರಲ್ಲಿ ಬಿತ್ತು. ಅಲ್ಲಿ ಸತ್ತವರ ನೆನಪಿಗೆ ಕಟ್ಟಿದ ವೀರಸೌಧವನ್ನು ನೋಡದೆ ಬರಬೇಡಿ.

ಇನ್ನೊಂದು ದಾರಿ ಊರಿನಿಂದ ಪಶ್ಚಿಮಕ್ಕೆ, ಹೊಸೂರು ಮತ್ತು ಕೋಟಾಲದಿನ್ನೆ ಕಡೆ. ಹೊಸೂರು ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರ ಊರು. ಓದಲು ಅಲ್ಲಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ ಅವರು. ಕೋಟಾಲದಿನ್ನೆಯಲ್ಲಿ ರೇಡಿಯೊ ದೂರದರ್ಶಕ ಇದೆ. 1000 ಡೈಪೋಲ್‌ಗಳನ್ನು (ಒಂದು ಬಗೆಯ ಆಂಟೆನಾ) ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಟ್ಟಿದ್ದಾರೆ. ಬೇಲಿ ಹೊರಗಿನಿಂದ ನೋಡಬಹುದು. ಒಳಗೆ ಹೋಗಲು ಅನುಮತಿ ಬೇಕು.

ನಿಮಗೆ ಗೊತ್ತಿರುವ ದಾರಿಗಳನ್ನೂ ಬರೆಯಿರಿ.

ಯಲಹಂಕ ಪೆಡಲ್:

ಇಂಥದ್ದನ್ನೇ ಹುಡುಕುತ್ತಿದ್ದೆ ಸರ್. ಎರಡು ಪ್ರಶ್ನೆ. ರೈಲಿನಲ್ಲಿ ಸೈಕಲ್ ಬಿಡುತ್ತಾರಾ? ನನ್ನ ಹತ್ತಿರ ಇರುವುದು 32 ಮಿ.ಮೀ. ಟೈರಿನ ಹೈಬ್ರಿಡ್ ಸೈಕಲ್. ಅದರಲ್ಲಿ ಆಗುತ್ತದಾ, ಮಣ್ಣು ದಾರಿಗೇ ಅಂತ ಮಾಡಿದ ಗ್ರಾವೆಲ್ ಬೈಕೇ ಬೇಕಾ?

ಚೈನ್ ಎಣ್ಣೆ:

ಟೈರಿನ ಬಗ್ಗೆ ನಾನು ಹೇಳುತ್ತೇನೆ. ಅಂಗಡಿಯವನಾಗಿ ನೂರಾರು ಸೈಕಲ್ ನೋಡಿದ್ದೇನೆ.

ಹಳ್ಳಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವ ಕಪ್ಪು ಸೈಕಲ್ ಇದೆಯಲ್ಲ, ಅದರ ಟೈರು 28 ಇಂಚು, ಒಂದೂವರೆ ಇಂಚು ಅಗಲ. ಅಂದರೆ 38 ಮಿ.ಮೀ. ಈಗ ಗ್ರಾವೆಲ್ ಬೈಕಿಗೆ ಹಾಕುವ ಅಗಲ ಬಹುತೇಕ ಅದೇ. ನಮ್ಮ ಮಣ್ಣಿಗೆ ಎಷ್ಟು ಅಗಲ ಬೇಕು ಅನ್ನುವುದು ಇಲ್ಲಿನವರಿಗೆ ಮೊದಲಿಂದಲೂ ಗೊತ್ತು. 32ರಲ್ಲಿ ಒಣ ಕೆಮ್ಮಣ್ಣಿನ ಮೇಲೆ ಹೋಗಬಹುದು. ಆದರೆ ಕಲ್ಲು ಬೆರೆತ ಜಾಗದಲ್ಲಿ ಕೈ ನೋಯುತ್ತದೆ, ಮರಳು ಬಂದರೆ ಇಳಿಯಬೇಕು. ಫ್ರೇಮಿನಲ್ಲಿ ಜಾಗ ಇದ್ದರೆ 38 ಅಥವಾ 40 ಹಾಕಿಸಿ. ಹೊಸ ಸೈಕಲ್ ಕೊಳ್ಳುವ ಅಗತ್ಯ ಇಲ್ಲ.

ಗಾಳಿ ಜಾಸ್ತಿ ತುಂಬಿಸಬೇಡಿ. ರಸ್ತೆ ಅಭ್ಯಾಸದವರು 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿಸಿಕೊಂಡು ಬಂದು ಮಣ್ಣಲ್ಲಿ ಕುಪ್ಪಳಿಸುತ್ತಾರೆ. 40 ಮಿ.ಮೀ. ಟೈರಿಗೆ, ಸುಮಾರು 70 ಕೆ.ಜಿ. ತೂಕದವರಿಗೆ, ಟ್ಯೂಬ್ ಇದ್ದರೆ 40ರ ಆಸುಪಾಸು ಸಾಕು. ಟ್ಯೂಬ್‌ಲೆಸ್ ಆದರೆ ಇನ್ನೂ ಸ್ವಲ್ಪ ಇಳಿಸಬಹುದು.

ಈಗ ಮುಳ್ಳು. ಈ ಕಡೆ ಟ್ಯೂಬ್‌ಲೆಸ್ ಮಾಡಿಸಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ. ಜಾಲಿ ಮುಳ್ಳು ಕಣ್ಣಿಗೆ ಕಾಣುತ್ತದೆ. ತೊಂದರೆ ಕೊಡುವುದು ನೆಗ್ಗಿಲು ಮುಳ್ಳು. ಮಳೆ ಮುಗಿದು ಬಳ್ಳಿ ಒಣಗಿದ ಮೇಲೆ ಕಾಯಿ ಉದುರಿ ದಾರಿ ತುಂಬ ಬಿದ್ದಿರುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಟ್ಯೂಬ್ ಇದ್ದರೆ ಒಂದೇ ಸಲಕ್ಕೆ ನಾಲ್ಕೈದು ತೂತು. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚುವ ಸೀಲಂಟ್ ದ್ರವ ಇದ್ದರೆ ಮುಳ್ಳು ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿಯಿರಿ. ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಒಂದು ಟ್ಯೂಬ್, ಒಂದು ಪಂಪು ಯಾವಾಗಲೂ ಜೊತೆಗಿರಲಿ.

ಪಿನಾಕಿನಿ ದಂಡೆ:

@ಯಲಹಂಕ ಪೆಡಲ್, ರೈಲಿನ ವಿಷಯ. ಪೂರ್ತಿ ಸೈಕಲ್ ಆದರೆ ಲಗೇಜ್ ಅಂತ ಬುಕ್ ಮಾಡಿ ಬ್ರೇಕ್‌ವ್ಯಾನ್‌ನಲ್ಲಿ (ರೈಲಿನ ಲಗೇಜ್ ಡಬ್ಬಿ) ಹಾಕಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ಇದು ಕಷ್ಟ. ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರುವವರು ಇದ್ದಾರೆ. ಜನ ಕಡಿಮೆ ಇರುವ ರೈಲು ನೋಡಿಕೊಳ್ಳಿ, ಹೊರಡುವ ಮುಂಚೆ ಸ್ಟೇಷನ್‌ನಲ್ಲಿ ಕೇಳಿಕೊಳ್ಳಿ. ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ಆಮೇಲೆ ಹಿಂದೂಪುರ, ಇದು ಲೈನು. ಮಾಕಳಿದುರ್ಗದ ಹತ್ತಿರ ಹಳಿ ಬೆಟ್ಟ ಸುತ್ತುವುದನ್ನು ಕಿಟಕಿಯಿಂದ ನೋಡುತ್ತಾ ಬನ್ನಿ.

ಹಿಪ್ಪುನೇರಳೆ ತೋಟ:

ನಮಸ್ಕಾರ. ನಾನು ಮಂಚೇನಹಳ್ಳಿ ಕಡೆಯ ರೇಷ್ಮೆ ಬೆಳೆಗಾರ. ಸೈಕಲ್ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಆದರೆ ನೀವು ಬರೆಯುತ್ತಿರುವುದು ನಮ್ಮ ತೋಟದ ದಾರಿಗಳ ಬಗ್ಗೆ. ಅದಕ್ಕೆ ನಾಲ್ಕು ಮಾತು.

ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ದಿನಗಳಲ್ಲೇ ಖರ್ಚಾಗುತ್ತದೆ. ಆಗ ಬೆಳಗ್ಗೆ ಸಂಜೆ ಇದೇ ದಾರಿಯಲ್ಲಿ ಹೊರೆ ಹೊತ್ತು ಓಡಾಡುತ್ತೇವೆ. ದಾರಿ ಒಂದು ಗಾಡಿ ಹೋಗುವಷ್ಟೇ ಅಗಲ. ಹೋದ ಚಳಿಗಾಲದಲ್ಲಿ ಒಂದು ದೊಡ್ಡ ಗುಂಪು ಬಂದಿತ್ತು. ಸೈಕಲ್‌ಗಳ ಹಿಂದೆ ಎರಡು ಕಾರು, ನೀರು ತಿಂಡಿ ಕೊಡೋಕೆ. ಸೈಕಲ್ ದೂಳು ದೂಳೇ ಅಲ್ಲ. ಕಾರಿನ ದೂಳು ಎರಡೂ ಕಡೆಯ ಸೊಪ್ಪಿನ ಮೇಲೆ ಕೂತಿತು. ದೂಳು ಕೂತ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಇಬ್ಬರು ಒಳ್ಳೆ ಮನಸ್ಸಿಂದಲೇ ಸಾಕಾಣಿಕೆ ಮನೆ ನೋಡಬೇಕು ಅಂತ ಬಾಗಿಲಿಗೆ ಬಂದರು. ಹೊರಗಿನವರನ್ನು ನಾವು ಒಳಗೆ ಬಿಡುವುದಿಲ್ಲ, ಹುಳುವಿಗೆ ರೋಗ ಬರುತ್ತದೆ. ನಮ್ಮ ನೆಂಟರನ್ನೂ ಬಿಡುವುದಿಲ್ಲ.

ಬರಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ದಾರಿಗಳ ಗುರುತು ಹಾಕಿ ಎಲ್ಲರಿಗೂ ಕೊಟ್ಟುಬಿಟ್ಟರೆ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ ಅಂತ ನಿಮಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ಯಲಹಂಕ ಪೆಡಲ್:

ಇದು ಯೋಚಿಸಬೇಕಾದ ಮಾತು. ಆದರೆ ದಾರಿಯನ್ನು ಫೋನಿನ ನಕ್ಷೆಯಲ್ಲಿ ತೋರಿಸುವ ಜಿಪಿಎಕ್ಸ್ ಫೈಲ್ ಇಲ್ಲದೆ ನನ್ನಂಥವರು ಬರುವುದು ಹೇಗೆ? ಹೊಸಬರು ದಾರಿ ತಪ್ಪಿ ಯಾರದೋ ಹೊಲಕ್ಕೆ ನುಗ್ಗುವುದಕ್ಕಿಂತ ಸರಿಯಾದ ಫೈಲ್ ಇರುವುದೇ ಒಳ್ಳೆಯದು ಅಲ್ವಾ?

ಸರ್ವೆ ನಂಬರ್:

ಇಬ್ಬರ ಮಾತಿಗೂ ಸಂಬಂಧಪಟ್ಟ ಒಂದು ವಿಷಯ. ಹಳ್ಳಿಯಲ್ಲಿ ಎಲ್ಲ ದಾರಿಯೂ ಒಂದೇ ಥರದ್ದಲ್ಲ. ಕೆಲವು ನಕಾಶೆ ಕಂಡ ದಾರಿ. ಅಂದರೆ ಗ್ರಾಮ ನಕ್ಷೆಯಲ್ಲೇ ಬಂಡಿ ದಾರಿ ಅಥವಾ ಕಾಲುದಾರಿ ಅಂತ ಗುರುತಿರುತ್ತದೆ. ಬಂಡಿ ದಾರಿಗೆ ಜೋಡಿ ಗೆರೆ, ಕಾಲುದಾರಿಗೆ ಒಂಟಿ ಗೆರೆ. ಇವು ಎಲ್ಲರಿಗೂ ಸೇರಿದವು. ಇನ್ನು ಕೆಲವು ರೈತರು ತಮ್ಮ ತಮ್ಮಲ್ಲಿ ಒಪ್ಪಿಕೊಂಡು ಬಿಟ್ಟುಕೊಂಡ ದಾರಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎರಡೂ ಒಂದೇ ಥರ ಕೆಂಪಗೆ ಕಾಣುತ್ತವೆ. ನಮ್ಮ ಫೈಲ್‌ಗಳು ಆಗುವುದು ಆ ಚಿತ್ರ ನೋಡಿಯೇ.

ಕಂದಾಯ ಇಲಾಖೆ ಗ್ರಾಮ ನಕ್ಷೆಗಳನ್ನು ಆನ್‌ಲೈನ್‌ನಲ್ಲೇ ಕೊಟ್ಟಿದೆ. ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಒಂದು ದಾರಿ ಹಾಕುವ ಮುಂಚೆ ಅದನ್ನು ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡಿ. ಖಾಸಗಿ ದಾರಿಯಾದರೆ ಫೈಲಿನಿಂದ ತೆಗೆಯಿರಿ. ಅಲ್ಲಿಗೆ ಹೋದಾಗ ಕೇಳಿಕೊಂಡು ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕೇಳಿ ಹೋಗುವ ದಾರಿಯನ್ನು ಕೇಳದೆ ಹೋಗುವ ದಾರಿ ಅಂತ ಊರಿಗೆಲ್ಲ ಹಂಚಬಾರದು.

ಪಿನಾಕಿನಿ ದಂಡೆ:

ಈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ.

ಇದಕ್ಕೆ ಕೆರೆ ಏರಿಯ ವಿಷಯವನ್ನೂ ಸೇರಿಸುತ್ತೇನೆ, ಏಕೆಂದರೆ ನನಗೆ ತುಂಬ ಹೊಟ್ಟೆ ಉರಿಯುವ ವಿಷಯ ಅದು. ಏರಿ ಬರೀ ಮಣ್ಣು. ಮಳೆ ನಿಂತ ತಕ್ಷಣ ಮೆತ್ತಗಿರುವಾಗ ಅದರ ಮೇಲೆ ಟೈರು ಹೋದರೆ ಗೆರೆ ಬೀಳುತ್ತದೆ. ಮುಂದಿನ ಮಳೆಯಲ್ಲಿ ನೀರು ಆ ಗೆರೆ ಹಿಡಿದು ಇಳಿದು ಕೊರಕಲು ಮಾಡುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದರಿಂದ ಎಷ್ಟೋ ವರ್ಷ ಬತ್ತಿದ್ದ ಕೆಲವು ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರಿದೆ. ನೀರು ನಿಂತ ಕೆರೆಯ ಏರಿಯನ್ನು ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು. ನೆಲ ಒದ್ದೆ ಇದ್ದರೆ ಏರಿ ಬಿಟ್ಟು ಕೆಳಗಿನ ರಸ್ತೆ ಹಿಡಿಯಿರಿ. ಕೆಮ್ಮಣ್ಣಿನ ದಾರಿ ಒಂದು ದಿನ ಬಿಸಿಲು ಬಿದ್ದರೆ ಗಟ್ಟಿಯಾಗುತ್ತದೆ, ಸೈಕಲ್ಲಿಗೆ ಅದಕ್ಕಿಂತ ಒಳ್ಳೆ ನೆಲ ಇಲ್ಲ. ಕೆರೆ ಅಂಗಳದ ಕಪ್ಪು ಗೋಡುಮಣ್ಣು ಹಾಗಲ್ಲ. ಚಕ್ರಕ್ಕೂ ಫ್ರೇಮಿಗೂ ಮಧ್ಯೆ ಮೆತ್ತಿಕೊಂಡು ಸೈಕಲ್ ಹೊರುವ ಹಾಗೆ ಮಾಡುತ್ತದೆ.

ನಮ್ಮಲ್ಲಿ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬನ್ನಿ. ರಾಗಿ ಕುಯ್ಲು, ಅವರೆಕಾಯಿ ಕಾಲ. ಆಗ ಹಳ್ಳಿ ರಸ್ತೆಗಳಲ್ಲಿ ರಾಗಿ ಹುಲ್ಲು ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ, ಇಳಿದು ಪಕ್ಕದಲ್ಲಿ ನಡೆಯಿರಿ. ಏಪ್ರಿಲ್, ಮೇ ಬಿಟ್ಟುಬಿಡಿ.

ದೊಡ್ಡಬಳ್ಳಾಪುರ ದಾರಿ:

ನಾನು ಹೆಚ್ಚಾಗಿ ಒಬ್ಬಳೇ ಸೈಕಲ್ ಓಡಿಸುತ್ತೇನೆ. ಈ ಭಾಗ ಹೇಗೆ? ನೀರು, ಊಟ, ನಾಯಿ, ಇವುಗಳ ಬಗ್ಗೆಯೂ ಯಾರಾದರೂ ಹೇಳಿ.

ಪಿನಾಕಿನಿ ದಂಡೆ:

ಮೇಡಂ, ಹಗಲಿನಲ್ಲಿ ಹೊಲದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಹೊಳೆಯ ಹತ್ತಿರ ಜಾಲಿ ಪೊದೆ ದಟ್ಟವಾಗಿರುವ ಕಡೆ ಮಾತ್ರ ಒಂಟಿಯಾಗಿ ಬೇಡ. ಬೆಟ್ಟದ ಬುಡದಲ್ಲಿ ಚಿರತೆ ಓಡಾಡುತ್ತವೆ. ಬೆಳಕು ಹರಿದ ಮೇಲೆ ಹೊರಟು, ಸಂಜೆ ಕತ್ತಲಿಗೆ ಮುಂಚೆ ರಸ್ತೆ ಸೇರಿಕೊಳ್ಳಿ. ಕಲ್ಲು ಕ್ವಾರಿಗಳ ಕಡೆಯ ದಾರಿಯನ್ನೂ ಬಿಡಿ. ಲಾರಿ ಜಾಸ್ತಿ, ಬಂಡೆ ಸಿಡಿಸುವ ಸದ್ದು ಬೇರೆ. 2021ರಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತ ಜಿಲ್ಲೆ ಇದು.

ಕುಡಿಯುವ ನೀರನ್ನು ಬೋರ್‌ವೆಲ್ಲಿನ ನಲ್ಲಿಯಿಂದ ಹಿಡಿಯಬೇಡಿ. ನಮ್ಮ ತಾಲ್ಲೂಕಿನ ಬಹಳ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಒಂದು ದಿನ ಕುಡಿದರೆ ಏನೂ ಆಗುವುದಿಲ್ಲ, ಆದರೂ ಊರೂರಲ್ಲಿ ಶುದ್ಧ ನೀರಿನ ಘಟಕ ಇವೆ. ನಾಣ್ಯ ಹಾಕಿದರೆ ನೀರು. ಬಾಟಲಿ ತುಂಬಿ ಉಳಿದ ನೀರನ್ನು ಪಕ್ಕದಲ್ಲಿ ನಿಂತವರ ಬಿಂದಿಗೆಗೆ ಬಿಡಿ.

ಭಾಷೆ ಬಗ್ಗೆ ಹೆದರಬೇಡಿ. ಗಡಿ ಕಡೆ ಮನೆಮಾತು ತೆಲುಗು, ಕನ್ನಡ ಎಲ್ಲರಿಗೂ ಬರುತ್ತದೆ. "ಈ ದಾರಿ ಎಕ್ಕಡಿಕಿ ಪೋತುಂದಿ?" (ಈ ದಾರಿ ಎಲ್ಲಿಗೆ ಹೋಗುತ್ತದೆ?) ಅಂತ ತೆಲುಗಿನಲ್ಲಿ ಒಂದು ಮಾತು ಕೇಳಿದರೆ ಮಾತ್ರ ದಾರಿಯ ಜೊತೆ ಊಟಕ್ಕೂ ಕರೆಯುತ್ತಾರೆ.

ಕುರಿ ಮಂದೆ:

ನಾಯಿ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಕುರಿ ಇವೆ. ಮಂದೆ ಹಾಕಿದ ಹೊಲದ ಪಕ್ಕ ಸೈಕಲ್ ಜೋರಾಗಿ ಬಂದರೆ ನಾಯಿ ಅಟ್ಟಿಸಿಕೊಂಡು ಬರುತ್ತದೆ. ಮಂದೆ ಕಾಯುವುದೇ ಅದರ ಕೆಲಸ. ದೂರದಲ್ಲೇ ಇಳಿಯಿರಿ. ಸೈಕಲ್ ನಿಮಗೂ ನಾಯಿಗೂ ನಡುವೆ ಇರಲಿ. ಕುರಿಯವರನ್ನು ಕೂಗಿ. ಅವರು ಒಂದು ಮಾತು ಹೇಳಿದರೆ ನಾಯಿ ಕೂರುತ್ತದೆ. ಕಲ್ಲು ಎತ್ತಬೇಡಿ.

ಮಧುಗಿರಿ ಬಂಡೆ:

ನಮ್ಮ ಕಡೆಯದ್ದನ್ನೂ ಸೇರಿಸಿ. ಗೌರಿಬಿದನೂರಿಂದ ಪಶ್ಚಿಮಕ್ಕೆ ಬಂದರೆ ತುಮಕೂರು ಜಿಲ್ಲೆಯ ಕೊಡಿಗೇನಹಳ್ಳಿ, ಜಯಮಂಗಲಿ ಹೊಳೆ. ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ಮುಂದೆ ಪಿನಾಕಿನಿಯನ್ನೇ ಸೇರುತ್ತದೆ. ಹಾಗಾಗಿ ಎರಡೂ ಹೊಳೆಯ ದಂಡೆ ಕೂಡಿಸಿ ಒಂದು ದೊಡ್ಡ ಸುತ್ತು ಮಾಡಬಹುದು. ಕಣ್ಣು ಹಾಯಿಸಿದಷ್ಟು ಬಯಲು. ದೂರದಲ್ಲಿ ಮಧುಗಿರಿ ಏಕಶಿಲೆ, ಮಿಡಿಗೇಶಿ ಬೆಟ್ಟ.

ಆದರೆ ಮೈದನಹಳ್ಳಿಯ ಕೃಷ್ಣಮೃಗ ಧಾಮ ಅಲ್ಲೇ ಇದೆ. 2007ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯಿತು, 798 ಎಕರೆ. ಜೀಪಿನ ಜಾಡು ನೋಡಿದರೆ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ, ಆಸೆಯಾಗುತ್ತದೆ. ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ಅಲ್ಲಿನ ಹಕ್ಕಿಗಳಲ್ಲಿ ಹಲವು ನೆಲದ ಮೇಲೇ ಗೂಡು ಕಟ್ಟುತ್ತವೆ, ಹುಲ್ಲಿನಲ್ಲಿ ಮೊಟ್ಟೆ ಕಾಣುವುದೇ ಇಲ್ಲ. ಹೊರಗಿನ ಹಳ್ಳಿ ದಾರಿಯಿಂದಲೇ ಜಿಂಕೆ ಹಿಂಡು ಕಾಣುತ್ತದೆ. ಕೆಲವು ಸಲ ಹೊಲಕ್ಕೇ ಬಂದಿರುತ್ತವೆ.

ಯಲಹಂಕ ಪೆಡಲ್:

ಹಾಗಾದರೆ ಒಂದು ಒಪ್ಪಂದಕ್ಕೆ ಬರೋಣವಾ? ಫೈಲ್ ಬೇಕು ಅನ್ನುವುದು ಈಗಲೂ ನನ್ನ ಅಭಿಪ್ರಾಯ.

ಪಿನಾಕಿನಿ ದಂಡೆ:

ಹೌದು, ಹೀಗೆ ಮಾಡೋಣ. ತೊಂಡೇಬಾವಿಯಿಂದ ವಿದುರಾಶ್ವತ್ಥದವರೆಗಿನ ದಾರಿಯನ್ನು ಗ್ರಾಮ ನಕ್ಷೆ ಜೊತೆ ತಾಳೆ ನೋಡಿ, ಎಲ್ಲರ ದಾರಿ ಯಾವುದೋ ಅಷ್ಟನ್ನೇ ಫೈಲಿಗೆ ಹಾಕುತ್ತೇನೆ. @ಸರ್ವೆ ನಂಬರ್, ನಿಮ್ಮ ಸಹಾಯ ಬೇಕು. ಏರಿ ಮೇಲೆ ಹೋಗುವ ತುಂಡುಗಳಿಗೆ ಪಕ್ಕದ ರಸ್ತೆಯನ್ನೂ ಗುರುತು ಮಾಡುತ್ತೇನೆ, ಮಳೆಗಾಲಕ್ಕೆ ಅದು. ಫೈಲಿನ ಜೊತೆ ಎರಡೇ ಷರತ್ತು: ಒಂದು ಗುಂಪಿನಲ್ಲಿ ಆರು ಜನಕ್ಕಿಂತ ಜಾಸ್ತಿ ಬೇಡ, ಹಿಂದೆ ಕಾರು ಬೇಡವೇ ಬೇಡ.

@ಹಿಪ್ಪುನೇರಳೆ ತೋಟ, ನಿಮ್ಮ ಊರಿನ ದಾರಿಯನ್ನು ಹಾಕುವುದಿಲ್ಲ. ನಿಮಗೆ ಒಪ್ಪಿಗೆಯಾದರೆ ಮಾತ್ರ.

ಹಿಪ್ಪುನೇರಳೆ ತೋಟ:

ಕಾರು ಇಲ್ಲ ಅಂದರೆ ನನ್ನ ಅಭ್ಯಂತರ ಇಲ್ಲ. ನಮ್ಮೂರ ದಾರಿಯಲ್ಲಿ ದೊಡ್ಡದು ನಕಾಶೆಯದ್ದೇ, ಹಾಕಿಕೊಳ್ಳಿ. ತೋಪು ದಾಟಿದ ಮೇಲೆ ಬಲಕ್ಕೆ ಹೊರಳುವ ಸಣ್ಣ ದಾರಿ ಹಾಕಬೇಡಿ. ಅದು ನಮ್ಮ ಮೂರು ಮನೆಯವರು ಬಿಟ್ಟುಕೊಂಡದ್ದು, ಬಾವಿ ಹತ್ತಿರ ಮುಗಿಯುತ್ತದೆ. ಈ ಭಾನುವಾರ ಮಾತ್ರ ಬೇಡ, ಹುಳು ಹಣ್ಣಾಗುವ ಹೊತ್ತು, ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆ) ಬಿಡೋದರಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಅದರ ಮುಂದಿನ ವಾರ ಬನ್ನಿ, ನಾನೇ ದಾರಿ ತೋರಿಸುತ್ತೇನೆ.

ದೊಡ್ಡಬಳ್ಳಾಪುರ ದಾರಿ:

ಮುಂದಿನ ವಾರಕ್ಕೆ ನಾನೂ ಬರುತ್ತೇನೆ. ತೊಂಡೇಬಾವಿ ಸ್ಟೇಷನ್ ಹತ್ತಿರ ಬೆಳಗ್ಗೆ ಏಳಕ್ಕೆ ಸಿಗೋಣ.